ಮುಂದಿನ ಸೀಸನ್‌ನಲ್ಲಿ ಯಾವ ಫುಟ್‌ಬಾಲ್ ಆಟಗಾರ ಮಿಂಚುತ್ತಾನೆ? ‘ನೂರಕ್ಕೆ ನೂರು ಪಕ್ಕಾ’ ಲಿಸ್ಟ್‌ಗಳನ್ನು ನಂಬಬಹುದೇ?

ಹೊಸ ಫುಟ್‌ಬಾಲ್ ಸೀಸನ್ ಹತ್ತಿರ ಬಂತೆಂದರೆ ಮಂಗಳೂರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದು ಬಗೆಯ ಸಂದೇಶ ತಿರುಗಾಡಲು ಶುರುವಾಗುತ್ತದೆ: “ಈ ಐವರ ಹೆಸರು ಬರೆದಿಟ್ಟುಕೊಳ್ಳಿ. ಹೋದ ಸಲಕ್ಕಿಂತ ಈ ಸಲ ಡಬಲ್ ಗೋಲು ಹೊಡೆಯುತ್ತಾರೆ. ನೂರಕ್ಕೆ ನೂರು ಪಕ್ಕಾ.” ಕೆಲವು ಸಂದೇಶಗಳ ಕೆಳಗೆ ಟೆಲಿಗ್ರಾಮ್ ಲಿಂಕ್ ಇರುತ್ತದೆ. ಇನ್ನು ಕೆಲವು ಮಕ್ಕಳ ಪೋಷಕರಿಗಾಗಿ: “ನಿಮ್ಮ ಮಗ ಮುಂದೆ ದೊಡ್ಡ ಆಟಗಾರ ಆಗುತ್ತಾನಾ? ಒಂದೇ ಟೆಸ್ಟ್‌ನಲ್ಲಿ ತಿಳಿಯಿರಿ.”

ಇವುಗಳಲ್ಲಿ ಎಷ್ಟು ನಿಜ? ಒಬ್ಬ ಆಟಗಾರ ಮುಂದಿನ ವರ್ಷ ಸುಧಾರಿಸುತ್ತಾನೋ ಇಲ್ಲವೋ ಎಂದು ಮೊದಲೇ ಹೇಳಲು ಸಾಧ್ಯವೇ?

ಚುಟುಕಾಗಿ ಉತ್ತರ

ಸ್ವಲ್ಪ ಮಟ್ಟಿಗೆ ಸಾಧ್ಯ. ಆದರೆ ಅದು ಸಾಧ್ಯತೆಯ ಲೆಕ್ಕ, ಖಚಿತ ಭವಿಷ್ಯವಲ್ಲ. ಹೆಚ್ಚಿನ ಫಾರ್ವರ್ಡ್‌ಗಳು ಆಧಾರವಾಗಿ ಇಟ್ಟುಕೊಳ್ಳುವ ‘ಹೋದ ವರ್ಷದ ಗೋಲುಗಳು’ ಒಂದನ್ನೇ ನೋಡಿದರೆ ದಾರಿ ತಪ್ಪುವುದೇ ಹೆಚ್ಚು. ‘ನೂರಕ್ಕೆ ನೂರು’ ಎಂದು ಹೇಳುವವರನ್ನು ನಂಬಬೇಡಿ.

ಹೋದ ವರ್ಷ ಅಬ್ಬರಿಸಿದವನು ಈ ವರ್ಷ ಇನ್ನೂ ಅಬ್ಬರಿಸುತ್ತಾನೆಯೇ?

ಸಾಮಾನ್ಯವಾಗಿ ಇಲ್ಲ. ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡದಲ್ಲಿದ್ದ ಜೇಮಿ ವಾರ್ಡಿಯನ್ನು ನೋಡಿ. ಪ್ರೀಮಿಯರ್ ಲೀಗ್‌ನ 2014–15ರ ಸೀಸನ್‌ನಲ್ಲಿ ಅವರು ಹೊಡೆದದ್ದು 5 ಗೋಲು. ಮರುವರ್ಷ 24 ಗೋಲು. ಲೆಸ್ಟರ್ ಚಾಂಪಿಯನ್ ಆಯಿತು. ಆಗ ‘ಮುಂದಿನ ವರ್ಷ 30’ ಎಂದವರು ತಪ್ಪಿದರು. 2016–17ರಲ್ಲಿ ಅವರ ಗೋಲು 13ಕ್ಕೆ ಇಳಿಯಿತು.

ವಾರ್ಡಿ ಆಟ ಮರೆತರು ಎಂದು ಇದರ ಅರ್ಥವಲ್ಲ. ಒಂದು ಅಸಾಧಾರಣ ವರ್ಷದಲ್ಲಿ ಕೌಶಲದ ಜೊತೆ ಅದೃಷ್ಟವೂ ಸೇರಿರುತ್ತದೆ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ, ಗಾಯವಾಗುವುದಿಲ್ಲ, ಪೆನಾಲ್ಟಿಗಳು ಸಿಗುತ್ತವೆ. ಮುಂದಿನ ವರ್ಷಕ್ಕೆ ಕೌಶಲ ಉಳಿಯುತ್ತದೆ, ಅದೃಷ್ಟ ಅಷ್ಟೇ ಪ್ರಮಾಣದಲ್ಲಿ ಉಳಿಯುವುದಿಲ್ಲ. ಹಾಗಾಗಿ ತುಂಬಾ ಮೇಲೆ ಹೋದ ಅಂಕಿ ಕೆಳಗೆ ಬರುತ್ತದೆ, ತುಂಬಾ ಕೆಳಗೆ ಹೋದದ್ದು ಸ್ವಲ್ಪ ಮೇಲೆ ಬರುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ‘ಸರಾಸರಿಯತ್ತ ಮರಳುವಿಕೆ’ ಎನ್ನುತ್ತಾರೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಇದನ್ನು ಮನುಷ್ಯರ ಎತ್ತರದಲ್ಲಿ ತೋರಿಸಿದರು. ತುಂಬಾ ಎತ್ತರದ ತಂದೆ ತಾಯಿಗೆ ಹುಟ್ಟಿದ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸರಾಸರಿ ನೋಡಿದರೆ ತಂದೆ ತಾಯಿಯಷ್ಟು ಅಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಯಾವುದಾದರೂ ಲೀಗ್‌ನ ಹಳೆಯ ಸೀಸನ್ ಒಂದರಲ್ಲಿ ಅತಿ ಹೆಚ್ಚು ಗೋಲು ಹೊಡೆದ ಹತ್ತು ಮಂದಿಯ ಹೆಸರು ಬರೆದುಕೊಳ್ಳಿ. ಅದರ ಮರುವರ್ಷ ಅವರು ಎಷ್ಟು ಹೊಡೆದರು ಎಂದು ನೋಡಿ. ಹತ್ತರಲ್ಲಿ ಹೆಚ್ಚಿನವರ ಲೆಕ್ಕ ಕೆಳಗಿಳಿದಿರುತ್ತದೆ.

ಹಾಗೆಂದು ಎಲ್ಲರೂ ಇಳಿಯಲೇಬೇಕೆಂದಿಲ್ಲ. ಟಾಟನ್‌ಹ್ಯಾಮ್‌ನ ಹ್ಯಾರಿ ಕೇನ್ 2014–15ರಲ್ಲಿ 21 ಗೋಲು ಹೊಡೆದಾಗ ‘ಒಂದೇ ವರ್ಷದ ಹೀರೋ’ ಎಂದು ಹಲವರು ನಕ್ಕರು. ನಂತರದ ಎರಡು ವರ್ಷ ಅವರು 25 ಮತ್ತು 29 ಗೋಲು ಹೊಡೆದರು. ಇಳಿಯುವ ಸಾಧ್ಯತೆ ಹೆಚ್ಚು ಎನ್ನುವುದಕ್ಕೂ ಇಳಿದೇ ಇಳಿಯುತ್ತಾರೆ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದೇ.

ನಮ್ಮ ಪಕ್ಕದ ಊರಿನ ಉದಾಹರಣೆ

ಕಾಸರಗೋಡು ಜಿಲ್ಲೆಯ ತ್ರಿಕರಿಪುರದ ಮೊಹಮ್ಮದ್ ರಫಿ ಹೆಸರನ್ನು ಕರಾವಳಿಯ ಫುಟ್‌ಬಾಲ್ ಪ್ರಿಯರು ಕೇಳಿಯೇ ಇರುತ್ತಾರೆ. 2009–10ರ ಐ-ಲೀಗ್‌ನಲ್ಲಿ ಮಹೀಂದ್ರ ಯುನೈಟೆಡ್ ಪರ ಆಡಿ 14 ಗೋಲು ಹೊಡೆದ ಅವರು, ಆ ವರ್ಷ ಭಾರತೀಯ ಆಟಗಾರರಲ್ಲಿ ಮೊದಲಿಗರು. ಮುಂದಿನ ವರ್ಷದ ಬಗ್ಗೆ ಯಾರಾದರೂ ಭವಿಷ್ಯ ಹೇಳಿದ್ದರೆ ರಫಿ ಹೆಸರು ಪಟ್ಟಿಯ ಮೇಲ್ತುದಿಯಲ್ಲಿ ಇರುತ್ತಿತ್ತು.

ಆದರೆ ಆ ಸೀಸನ್ ಮುಗಿದ ಮೇಲೆ ಮಹೀಂದ್ರ ಯುನೈಟೆಡ್ ತಂಡವನ್ನೇ ಮುಚ್ಚಲಾಯಿತು. ರಫಿ ಬೇರೆ ಕ್ಲಬ್‌ಗೆ ಹೋದರು. ಜೊತೆಗಾರರು ಬದಲಾದರು, ಕೋಚ್ ಬದಲಾದರು. 14ರ ಲೆಕ್ಕ ಮತ್ತೆ ಬರಲಿಲ್ಲ. ಮುಂದೆ ಅವರು 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ಗೋಲು ಹೊಡೆದರು, ಅಂದರೆ ಕೌಶಲ ಎಲ್ಲಿಗೂ ಹೋಗಿರಲಿಲ್ಲ. ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್‌ನ ಗೋಲು ಅವನೊಬ್ಬನದಲ್ಲ, ಅವನಿಗೆ ಚೆಂಡು ಕೊಡುವವರದ್ದೂ ಹೌದು.

ಹಾಗಾದರೆ ತಜ್ಞರು ಏನನ್ನು ನೋಡುತ್ತಾರೆ?

ಕ್ಲಬ್‌ಗಳಲ್ಲಿ ಅಂಕಿಅಂಶ ನೋಡುವವರು ಗೋಲುಗಳ ಸಂಖ್ಯೆಗಿಂತ ಮೊದಲು ಈ ಐದನ್ನು ಗಮನಿಸುತ್ತಾರೆ.

1. ಆಡಿದ ನಿಮಿಷಗಳು: ಒಬ್ಬ 1,800 ನಿಮಿಷ ಆಡಿ 8 ಗೋಲು ಹೊಡೆದಿದ್ದಾನೆ, ಇನ್ನೊಬ್ಬ 540 ನಿಮಿಷದಲ್ಲಿ 6 ಹೊಡೆದಿದ್ದಾನೆ ಎಂದುಕೊಳ್ಳಿ. ಮೊದಲನೆಯವನದು 90 ನಿಮಿಷಕ್ಕೆ 0.4 ಗೋಲು, ಎರಡನೆಯವನದು 1 ಗೋಲು. ಎರಡನೆಯವನಿಗೆ ಹೆಚ್ಚು ಅವಕಾಶ ಸಿಕ್ಕರೆ ಮೇಲೇರಬಹುದು. ಆದರೆ 540 ನಿಮಿಷವೆಂದರೆ ಆರೇ ಪಂದ್ಯ. ಅಷ್ಟರಲ್ಲೇ ತೀರ್ಮಾನಿಸುವುದೂ ಅಪಾಯ.

2. ಸಿಕ್ಕ ಅವಕಾಶಗಳ ಗುಣಮಟ್ಟ: ಪ್ರತಿ ಹೊಡೆತವೂ ಗೋಲಾಗುವ ಸಾಧ್ಯತೆ ಎಷ್ಟು ಎಂದು ಹಳೆಯ ಸಾವಿರಾರು ಹೊಡೆತಗಳ ಆಧಾರದಲ್ಲಿ ಲೆಕ್ಕ ಹಾಕುತ್ತಾರೆ. ಇದನ್ನು ‘ನಿರೀಕ್ಷಿತ ಗೋಲು’ ಎನ್ನಬಹುದು. ಟಿವಿಯಲ್ಲಿ ‘ಎಕ್ಸ್‌ಜಿ’ ಎಂದು ತೋರಿಸುವುದು ಇದನ್ನೇ. ಪೆನಾಲ್ಟಿಗಳಲ್ಲಿ ನೂರಕ್ಕೆ 75ರಿಂದ 80 ಗೋಲಾಗುತ್ತವೆ. ಎಲ್ಲ ಬಗೆಯ ಹೊಡೆತಗಳನ್ನು ಸೇರಿಸಿದರೆ ಹತ್ತರಲ್ಲಿ ಸುಮಾರು ಒಂದು ಮಾತ್ರ. ಒಬ್ಬನಿಗೆ 7 ಗೋಲಿನಷ್ಟು ಅವಕಾಶ ಸಿಕ್ಕು 12 ಹೊಡೆದಿದ್ದರೆ ಮುಂದಿನ ವರ್ಷ ಇಳಿಯುವ ಸಾಧ್ಯತೆ ಹೆಚ್ಚು. 9 ಗೋಲಿನಷ್ಟು ಅವಕಾಶ ಸಿಕ್ಕೂ 5 ಮಾತ್ರ ಹೊಡೆದಿದ್ದರೆ ಅವನು ಏರುವ ಸಾಧ್ಯತೆ ಇದೆ. ಜನ ಬೈಯುವ ಆಟಗಾರನೇ ಕೆಲವೊಮ್ಮೆ ಮುಂದಿನ ವರ್ಷದ ಅಚ್ಚರಿಯಾಗುವುದು ಹೀಗೆ.

3. ವಯಸ್ಸು: 19–22ರ ಆಟಗಾರರು ಸುಧಾರಿಸಲು ಜಾಗ ಹೆಚ್ಚು. ಹೆಚ್ಚಿನವರ ಉತ್ತುಂಗ ಇಪ್ಪತ್ತರ ದಶಕದ ನಡುವಿನಿಂದ ಕೊನೆಯವರೆಗೆ ಇರುತ್ತದೆ. ವೇಗವನ್ನೇ ನಂಬಿದವರು ಬೇಗ ಇಳಿಯುತ್ತಾರೆ, ಗೋಲ್‌ಕೀಪರ್‌ಗಳು ತಡವಾಗಿ.

4. ಗಾಯದ ಇತಿಹಾಸ: ಒಮ್ಮೆ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾದವರಿಗೆ ಮತ್ತೆ ಅದೇ ಜಾಗಕ್ಕೆ ಪೆಟ್ಟಾಗುವ ಅಪಾಯ ಇತರರಿಗಿಂತ ಹೆಚ್ಚು.

5. ತಂಡದಲ್ಲಿನ ಜಾಗ: ಕೋಚ್ ಯಾರು, ಯಾವ ಸ್ಥಾನದಲ್ಲಿ ಆಡಿಸುತ್ತಾರೆ, ಪೆನಾಲ್ಟಿ ಯಾರು ಹೊಡೆಯುತ್ತಾರೆ ಎಂಬುದು ಲೆಕ್ಕವನ್ನೇ ತಿರುಗಿಸುತ್ತದೆ.

ಎಲ್ಲ ಲೆಕ್ಕವನ್ನೂ ತಪ್ಪಿಸಿದ ಚೆಟ್ರಿ

ಈ ಐದನ್ನೂ ಸರಿಯಾಗಿ ನೋಡಿದ ಮೇಲೂ ಭವಿಷ್ಯ ತಪ್ಪಬಹುದು. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಅದಕ್ಕೆ ಒಳ್ಳೆಯ ಉದಾಹರಣೆ.

2023–24ರ ಐಎಸ್‌ಎಲ್‌ನಲ್ಲಿ ಚೆಟ್ರಿ ಹೊಡೆದದ್ದು 5 ಗೋಲು. ತಂಡ 12ರಲ್ಲಿ 10ನೇ ಸ್ಥಾನಕ್ಕೆ ಕುಸಿದಿತ್ತು. 2024ರ ಜೂನ್‌ನಲ್ಲಿ ಅವರು ಅಂತಾರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ಆಗಸ್ಟ್‌ನಲ್ಲಿ 40 ತುಂಬಿತು. ವಯಸ್ಸು, ಹಿಂದಿನ ಗೋಲು, ತಂಡದ ಸ್ಥಿತಿ ಯಾವುದನ್ನು ನೋಡಿದರೂ ‘ಸುಧಾರಿಸುವವರ ಪಟ್ಟಿ’ಯಲ್ಲಿ ಅವರ ಹೆಸರು ಬರಲು ಸಾಧ್ಯವಿರಲಿಲ್ಲ.

2024–25ರಲ್ಲಿ ಅವರು 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಡಿಸೆಂಬರ್ 7ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದರು. ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಗೋವಾ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ತಲೆಯಿಂದ ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಕೊಂಡೊಯ್ದರು. 2025ರ ಮಾರ್ಚ್‌ನಲ್ಲಿ ಭಾರತ ತಂಡಕ್ಕೂ ಮರಳಿದರು.

ಈಗ ಹಿಂದಿರುಗಿ ನೋಡಿದರೆ ಕಾರಣಗಳು ಕಾಣುತ್ತವೆ. ತಂಡ ಸುಧಾರಿಸಿತ್ತು, ಕೆಲವು ಗೋಲು ಪೆನಾಲ್ಟಿಯಿಂದ ಬಂದವು, ಹಲವು ಪಂದ್ಯಗಳಲ್ಲಿ ಎದುರಾಳಿಗಳು ದಣಿದ ಮೇಲೆ ಬದಲಿ ಆಟಗಾರನಾಗಿ ಇಳಿದರು. ಆದರೆ ಇವೆಲ್ಲ ನಡೆದ ಮೇಲೆ ಹೇಳುವ ಮಾತುಗಳು. ಮುಗಿದ ಮೇಲೆ ಎಲ್ಲರೂ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತಾರೆ.

‘ಸತತ ಐದು ಸಲ ನಮ್ಮ ಭವಿಷ್ಯ ಸರಿ’: ಇದು ಹೇಗೆ ಸಾಧ್ಯ?

ಟೆಲಿಗ್ರಾಮ್ ಚಾನೆಲ್‌ಗಳ ಈ ಹಳೆಯ ಉಪಾಯವನ್ನು ಗಮನವಿಟ್ಟು ಓದಿ. ಒಬ್ಬ ವಂಚಕ 1,600 ಮಂದಿಗೆ ಸಂದೇಶ ಕಳಿಸುತ್ತಾನೆ. ಅರ್ಧ ಮಂದಿಗೆ ‘ಇವತ್ತು ಈ ಆಟಗಾರ ಗೋಲು ಹೊಡೆಯುತ್ತಾನೆ’, ಉಳಿದ ಅರ್ಧಕ್ಕೆ ‘ಹೊಡೆಯುವುದಿಲ್ಲ’. ಯಾವುದಾದರೂ ಒಂದು ಸರಿಯಾಗಲೇಬೇಕು. ಸರಿ ಸಂದೇಶ ಸಿಕ್ಕ 800 ಮಂದಿಯನ್ನು ಮತ್ತೆ ಎರಡು ಭಾಗ ಮಾಡುತ್ತಾನೆ. ಹೀಗೆ 400, 200, 100, ಕೊನೆಗೆ 50.

ಆ 50 ಮಂದಿಯ ಕಣ್ಣಿಗೆ ಅವನು ಸತತ ಐದು ಸಲ ಸರಿಯಾಗಿ ಹೇಳಿದ ಮಹಾಜ್ಞಾನಿ. ತಪ್ಪು ಸಂದೇಶ ಸಿಕ್ಕ 1,550 ಮಂದಿ ಅವರಿಗೆ ಕಾಣುವುದೇ ಇಲ್ಲ. ಆರನೇ ಸಂದೇಶದಲ್ಲಿ ಅವನು ಹಣ ಕೇಳುತ್ತಾನೆ.

ಇದಕ್ಕೆ ಬಲಿಯಾಗುವವರು ದಡ್ಡರೇನಲ್ಲ. ಅವರ ಮೊಬೈಲ್‌ನಲ್ಲಿ ಕಾಣುವ ಸಾಕ್ಷಿಯೇ ಹಾಗಿರುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ ಎಂಬುದೂ ನೆನಪಿರಲಿ. ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ

ನೆಹರೂ ಮೈದಾನದಲ್ಲಿ ಶಾಲಾ ಮಕ್ಕಳ ಪಂದ್ಯ ನೋಡಿದವರಿಗೆ ಇದು ಗೊತ್ತು: ಒಂದೇ ವಯಸ್ಸಿನ ವಿಭಾಗವಾದರೂ ಒಬ್ಬ ಹುಡುಗ ಇನ್ನೊಬ್ಬನಿಗಿಂತ ತಲೆಯಷ್ಟು ಎತ್ತರ ಇರುತ್ತಾನೆ. ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕಿದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು. 12ನೇ ವಯಸ್ಸಿನಲ್ಲಿ ಒಂದು ವರ್ಷ ದೊಡ್ಡ ಅಂತರ. ಆಯ್ಕೆಗಾರರು ದೊಡ್ಡ ಮೈಯನ್ನು ಪ್ರತಿಭೆ ಎಂದು ತಪ್ಪು ತಿಳಿಯುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ಬಿಟ್ಟುಹೋದವನು ಆಟವನ್ನೇ ಬಿಡುತ್ತಾನೆ.

ಮೇಲೆ ಹೇಳಿದ ವಾರ್ಡಿಯನ್ನು 16ನೇ ವಯಸ್ಸಿನಲ್ಲಿ ‘ತುಂಬಾ ಚಿಕ್ಕವನು’ ಎಂದು ಕ್ಲಬ್ ಕೈಬಿಟ್ಟಿತ್ತು. ಮುಂದೆ ಅವರು ಕಾರ್ಖಾನೆಯಲ್ಲಿ ದುಡಿಯುತ್ತಾ ಸಣ್ಣ ಕ್ಲಬ್‌ಗಳಲ್ಲಿ ಆಡಿದರು. ಹ್ಯಾರಿ ಕೇನ್ ಅವರನ್ನು ಆರ್ಸೆನಲ್ ಅಕಾಡೆಮಿ ಬಾಲ್ಯದಲ್ಲೇ ಮನೆಗೆ ಕಳಿಸಿತ್ತು. ಅನುಭವಿ ಕೋಚ್‌ಗಳೇ ಹೀಗೆ ತಪ್ಪುವಾಗ ಒಂದು ಟೆಸ್ಟ್ ಹೇಗೆ ಭವಿಷ್ಯ ಹೇಳೀತು?

ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುವ ‘ಡಿಎಂಐಟಿ’ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ. ಡಿಎನ್‌ಎ ಪರೀಕ್ಷೆಯೂ ಅಷ್ಟೇ. ಮಕ್ಕಳ ಕ್ರೀಡಾ ಪ್ರತಿಭೆ ಗುರುತಿಸಲು ಇಂಥ ಪರೀಕ್ಷೆಗಳನ್ನು ಬಳಸಬಾರದು ಎಂದು ಹಲವು ದೇಶಗಳ ತಜ್ಞರು 2015ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಮ್ಮತದಿಂದ ಹೇಳಿದ್ದಾರೆ. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಬೂಟು ಕೊಡಿಸಿ. ಮಗುವಿಗೆ ಆಡಲು ಸಮಯ ಕೊಡಿ. ಈ ವರ್ಷ ತಂಡಕ್ಕೆ ಆಯ್ಕೆಯಾಗದಿದ್ದರೆ ‘ನಿನ್ನಿಂದ ಆಗದು’ ಎಂದು ಹೇಳಬೇಡಿ. ಬೆಳವಣಿಗೆ ಎಲ್ಲ ಮಕ್ಕಳಿಗೂ ಒಂದೇ ವಯಸ್ಸಿಗೆ ಬರುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

- ‘ಪಕ್ಕಾ’, ‘ನೂರಕ್ಕೆ ನೂರು’ ಎಂಬ ಮಾತಿದ್ದರೆ ಅಲ್ಲಿಗೇ ನಿಲ್ಲಿಸಿ.
- ಬರೀ ಗೋಲು ಹೇಳಿದ್ದಾರೋ, ಆಡಿದ ನಿಮಿಷಗಳನ್ನೂ ಹೇಳಿದ್ದಾರೋ ನೋಡಿ.
- ಸರಿಯಾದ ಭವಿಷ್ಯ ಮಾತ್ರ ತೋರಿಸುತ್ತಿದ್ದರೆ ತಪ್ಪಾದವು ಎಲ್ಲಿ ಎಂದು ಕೇಳಿ.
- ಹಣ ಕೇಳಿದರೆ ಬ್ಲಾಕ್ ಮಾಡಿ.

ಗೆಳೆಯರ ನಡುವೆ ‘ಈ ಸಲ ಯಾರು ಮಿಂಚುತ್ತಾರೆ’ ಎಂದು ವಾದ ಮಾಡುವುದರಲ್ಲಿ ತಪ್ಪೇನಿಲ್ಲ. ಫುಟ್‌ಬಾಲ್‌ನ ಅರ್ಧ ಖುಷಿ ಅದರಲ್ಲೇ ಇದೆ. ಸೀಸನ್ ಆರಂಭಕ್ಕೆ ಮೊದಲು ನಿಮ್ಮ ಐದು ಹೆಸರುಗಳನ್ನು ಗ್ರೂಪ್‌ನಲ್ಲಿ ದಿನಾಂಕ ಸಮೇತ ಬರೆದಿಡಿ. ಸೀಸನ್ ಮುಗಿದ ಮೇಲೆ ತೆರೆದು ನೋಡಿ. ಐದರಲ್ಲಿ ಮೂರು ಸರಿಯಾದರೆ ಖುಷಿಪಡಿ. ಐದೂ ಸರಿಯಾದರೆ, ಸ್ವಲ್ಪ ಅದೃಷ್ಟವೂ ಇತ್ತು ಎಂದು ಒಪ್ಪಿಕೊಳ್ಳಿ.