ಇಂಕ್‌ಜೆಟ್ ಅಥವಾ ಲೇಸರ್: ಪ್ರಿಂಟರ್ ಕೊಳ್ಳುವ ಮುನ್ನ

ಕೆಲವು ವರ್ಷಗಳ ಹಿಂದೆ, ಸಿಇಟಿ ಪರೀಕ್ಷೆಯ ಹಿಂದಿನ ರಾತ್ರಿ ಅಕ್ಕನ ಮಗಳ ಪ್ರವೇಶಪತ್ರವನ್ನು ಮುದ್ರಿಸಲೆಂದು ಈ ವರದಿಗಾರ ಮನೆಯ ಇಂಕ್‌ಜೆಟ್ ಪ್ರಿಂಟರನ್ನು ಚಾಲೂ ಮಾಡಿದಾಗ ಹೊರಬಂದದ್ದು ಅಡ್ಡಡ್ಡ ಬಿಳಿ ಗೆರೆಗಳ ಹಾಳೆ. ಭಾವಚಿತ್ರದಲ್ಲಿ ಮುಖವೇ ಕಾಣುತ್ತಿರಲಿಲ್ಲ. ಕಾರ್ಟ್ರಿಜ್‌ನಲ್ಲಿ ಶಾಯಿ ಇತ್ತು. ಆದರೆ ಮೂರು ತಿಂಗಳಿಂದ ಯಾರೂ ಮುಟ್ಟದ ಯಂತ್ರದ ಸೂಕ್ಷ್ಮ ರಂಧ್ರಗಳಲ್ಲಿ ಅದು ಒಣಗಿ ಕುಳಿತಿತ್ತು. ಹೆಡ್ ಶುಚಿಗೊಳಿಸುವ ಆದೇಶವನ್ನು ಮೂರು ಬಾರಿ ಕೊಟ್ಟಾಗ ಉಳಿದಿದ್ದ ಶಾಯಿಯೂ ಖಾಲಿಯಾಯಿತು. ಮರುದಿನ ಬೆಳಿಗ್ಗೆ ಝೆರಾಕ್ಸ್ ಅಂಗಡಿಯ ಬಾಗಿಲು ತೆರೆಯುವುದನ್ನೇ ಕಾದು ನಿಂತು, ಕೆಲವೇ ರೂಪಾಯಿಯಲ್ಲಿ ಕೆಲಸ ಮುಗಿಸಿ, ಪರೀಕ್ಷಾ ಕೇಂದ್ರಕ್ಕೆ ಓಡಬೇಕಾಯಿತು.

ಇಂಕ್‌ಜೆಟ್ ಒಳ್ಳೆಯದೋ ಲೇಸರ್ ಒಳ್ಳೆಯದೋ ಎಂದು ಅಂಗಡಿಯಲ್ಲಿ ಕೇಳುವವರು ಸಾಮಾನ್ಯವಾಗಿ ಯಂತ್ರದ ಬೆಲೆಯನ್ನು ಮಾತ್ರ ನೋಡುತ್ತಾರೆ. ತಿಂಗಳಿಗೆ ಎಷ್ಟು ಪುಟ ಮುದ್ರಿಸುತ್ತೇವೆ, ಯಂತ್ರ ಎಷ್ಟು ದಿನ ಸುಮ್ಮನೆ ಕುಳಿತಿರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಂಡರೆ ಆಯ್ಕೆ ಬಹುಪಾಲು ತಾನಾಗಿಯೇ ನಿರ್ಧಾರವಾಗುತ್ತದೆ.

ಕೆಲಸ ಮಾಡುವ ಬಗೆ

ಇಂಕ್‌ಜೆಟ್ ಎಂದರೆ ದ್ರವರೂಪದ ಶಾಯಿಯನ್ನು ಕೂದಲಿಗಿಂತ ಸಣ್ಣ ರಂಧ್ರಗಳ ಮೂಲಕ ಕಾಗದದ ಮೇಲೆ ಚಿಮ್ಮಿಸುವ ಯಂತ್ರ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಸಲಾಕೆಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿದಾಗ ಶಾಯಿ ಚಿಮ್ಮಿತು. ಶಾಖದಿಂದ ಗುಳ್ಳೆ ಎಬ್ಬಿಸಿ ಹನಿಯನ್ನು ಹೊರದೂಡುವ ಅವರ ವಿಧಾನ ಹುಟ್ಟಿದ್ದು ಹಾಗೆ. ಎಚ್‌ಪಿ ಕೂಡ ಶಾಖವನ್ನೇ ಬಳಸುತ್ತದೆ. ಎಪ್ಸನ್‌ನದು ಬೇರೆ ದಾರಿ: ವಿದ್ಯುತ್ ಹರಿದಾಗ ಬಾಗುವ ಪಿಯೆಜೊ ಹರಳು ಅಲ್ಲಿ ಶಾಯಿಯನ್ನು ತಳ್ಳುತ್ತದೆ.

ಲೇಸರ್ ಪ್ರಿಂಟರ್ ಝೆರಾಕ್ಸ್ ಯಂತ್ರದ ಒಡಹುಟ್ಟು. ಝೆರಾಕ್ಸ್ ಸಂಸ್ಥೆಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಅದನ್ನು ರೂಪಿಸಿದ್ದೂ ಪ್ರತಿ ತೆಗೆಯುವ ಯಂತ್ರಕ್ಕೆ ಲೇಸರ್ ಕಿರಣವನ್ನು ಜೋಡಿಸಿಯೇ. ಇದರಲ್ಲಿ ಶಾಯಿಯಿಲ್ಲ. ವಿದ್ಯುದಾವೇಶ ಹೊಂದಿದ ಡ್ರಮ್ ಮೇಲೆ ಕಿರಣವು ಅಕ್ಷರಗಳ ಆಕಾರವನ್ನು ಬರೆಯುತ್ತದೆ. ಟೋನರ್ ಎಂಬ ಪ್ಲಾಸ್ಟಿಕ್ ಪುಡಿ ಆ ಜಾಗಕ್ಕೆ ಅಂಟಿ ಕಾಗದಕ್ಕೆ ವರ್ಗಾವಣೆಯಾಗುತ್ತದೆ. ಕೊನೆಗೆ ಫ್ಯೂಸರ್ ಎಂಬ ಬಿಸಿ ಉರುಳೆ ಪುಡಿಯನ್ನು ಕರಗಿಸಿ ಕಾಗದಕ್ಕೆ ಒತ್ತುತ್ತದೆ. ಲೇಸರ್ ಪ್ರಿಂಟರ್‌ನಿಂದ ಬಂದ ಹಾಳೆ ಬೆಚ್ಚಗಿರುವುದು ಇದೇ ಕಾರಣಕ್ಕೆ. ಪುಡಿ ಒಣಗುವ ವಸ್ತುವಲ್ಲವಾದ್ದರಿಂದ ಯಂತ್ರ ಆರು ತಿಂಗಳು ಮೂಲೆಯಲ್ಲಿದ್ದರೂ ಮೊದಲ ಹಾಳೆಯೇ ಸರಿಯಾಗಿ ಬರುತ್ತದೆ.

ಲೆಕ್ಕದ ಮಾತು

ಕಡಿಮೆ ಬೆಲೆಯ ಇಂಕ್‌ಜೆಟ್‌ಗಳ ಪುಟ್ಟ ಕಾರ್ಟ್ರಿಜ್‌ಗಳಲ್ಲಿ ಕೆಲವು ನೂರಿಪ್ಪತ್ತರ ಆಸುಪಾಸಿನ ಪುಟಗಳಿಗಷ್ಟೇ ಸಾಕಾಗುತ್ತವೆ. ಅಂಥ ಕಾರ್ಟ್ರಿಜ್ 1,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಪುಟಕ್ಕೆ ಎಂಟು ರೂಪಾಯಿಗೂ ಮಿಗಿಲು. ನಮ್ಮ ಕಚೇರಿಗಳಲ್ಲಿ ಬಹುಕಾಲ ಮನೆಮಾತಾಗಿದ್ದ ಎಚ್‌ಪಿ 12ಎ ಟೋನರ್ ಕಾರ್ಟ್ರಿಜ್‌ನ ಘೋಷಿತ ಸಾಮರ್ಥ್ಯ 2,000 ಪುಟ. ಅಂಥದ್ದಕ್ಕೆ 4,000 ರೂಪಾಯಿ ಕೊಟ್ಟರೂ ಪುಟಕ್ಕೆ ಎರಡೇ ರೂಪಾಯಿ. ಇನ್ನು ಬಾಟಲಿಯಿಂದ ಶಾಯಿ ಸುರಿಯುವ ಟ್ಯಾಂಕ್ ಮಾದರಿಯ ಇಂಕ್‌ಜೆಟ್‌ಗಳ ಲೆಕ್ಕವೇ ಬೇರೆ. ಎಪ್ಸನ್ 003 ಕಪ್ಪು ಶಾಯಿಯ 65 ಮಿ.ಲೀ. ಬಾಟಲಿಗೆ ಕಂಪನಿ ಹೇಳುವ ಸಾಮರ್ಥ್ಯ 4,500 ಪುಟ. ಅಂಥ ಬಾಟಲಿಗೆ 500 ರೂಪಾಯಿ ಎಂದರೂ ಪುಟಕ್ಕೆ ಹನ್ನೊಂದು ಪೈಸೆ. (ಇಲ್ಲಿನ ಬೆಲೆಗಳು ಲೆಕ್ಕಕ್ಕಾಗಿ ಹಿಡಿದವು; ಕೊಳ್ಳುವ ದಿನ ಅಂಗಡಿಯಲ್ಲಿ ವಿಚಾರಿಸಿಕೊಳ್ಳಬೇಕು.)

ಹಿಂದೆ ಗಣಕಯಂತ್ರದ ಜೊತೆಗೆ ಇಂಕ್‌ಜೆಟ್ ಪ್ರಿಂಟರನ್ನು ಉಚಿತವಾಗಿ ಕೊಡುವ ಕೊಡುಗೆಗಳು ಸಾಮಾನ್ಯವಾಗಿದ್ದವು. ಉಚಿತವಾಗಿ ಬಂದ ಯಂತ್ರಕ್ಕೆ ಮೂರನೆಯ ಕಾರ್ಟ್ರಿಜ್ ಕೊಳ್ಳುವ ಹೊತ್ತಿಗೆ ಆ ಔದಾರ್ಯದ ಗುಟ್ಟು ಬಯಲಾಗುತ್ತಿತ್ತು.

ಪುಟಗಳ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ. ಏಕವರ್ಣ ಟೋನರ್‌ಗೆ ಐಎಸ್ಒ 19752, ಇಂಕ್‌ಜೆಟ್‌ಗೆ ಐಎಸ್ಒ 24711 ಎಂಬ ಅಳತೆಯ ಮಾನದಂಡಗಳಿವೆ. ಸಾಮಾನ್ಯ ಪತ್ರದಂತೆ ಪುಟದ ಶೇ 5ರಷ್ಟು ಜಾಗ ಮಾತ್ರ ಕಪ್ಪಾಗುತ್ತದೆಂಬ ಅಂದಾಜಿನ ಲೆಕ್ಕ ಅದು. ಶಾಲಾ ಯೋಜನೆಯ ಚಿತ್ರಗಳು, ಆಮಂತ್ರಣ ಪತ್ರಿಕೆಗಳು ಇದಕ್ಕೆ ಹಲವು ಪಟ್ಟು ಶಾಯಿ ಕುಡಿಯುತ್ತವೆ. ಹೊಸ ಲೇಸರ್ ಯಂತ್ರಗಳ ಜೊತೆ ಬರುವ ಮೊದಲ ಕಾರ್ಟ್ರಿಜ್‌ನಲ್ಲಿ ಹಲವು ವೇಳೆ ಪೂರ್ತಿ ಪುಡಿ ಇರುವುದೂ ಇಲ್ಲ.

ತಿಂಗಳಿಗೆ ಐದಾರು ಪುಟ ಮಾತ್ರ ಬೇಕಾದ ಕುಟುಂಬಕ್ಕೆ ಈ ಯಾವ ಯಂತ್ರವೂ ಬೇಕಿಲ್ಲ. ಪುಟಕ್ಕೆ ಹತ್ತು ರೂಪಾಯಿ ಕೊಟ್ಟರೂ ಬೀದಿಯ ಕೊನೆಯ ಝೆರಾಕ್ಸ್ ಅಂಗಡಿಯಲ್ಲಿ ವರ್ಷದ ಖರ್ಚು ಏಳುನೂರಿಪ್ಪತ್ತು ರೂಪಾಯಿ ದಾಟುವುದಿಲ್ಲ. ಅಂಗಡಿ ತೆರೆಯುವವರೆಗೆ ಕಾಯಲಾಗದ ಬೆಳಗುಗಳೂ ಬರುತ್ತವೆ ಎನ್ನುವವರು ಮುಂದೆ ಓದಬಹುದು.

ಸುಮ್ಮನಿರುವ ದಿನಗಳು

ಟ್ಯಾಂಕ್ ಮಾದರಿ ಬಂದ ಮೇಲೆ ಇಂಕ್‌ಜೆಟ್ ದುಬಾರಿ ಎಂಬ ದೂರು ಬಹುಮಟ್ಟಿಗೆ ನೀಗಿದೆ. ಒಣಗುವ ದೋಷ ನೀಗಿಲ್ಲ. ಕಾರ್ಟ್ರಿಜ್‌ನಲ್ಲೇ ಹೆಡ್ ಇದ್ದರೆ ಅದನ್ನು ಬದಲಿಸಿದಾಗ ಹೆಡ್ ಕೂಡ ಹೊಸದಾಗುತ್ತದೆ. ಟ್ಯಾಂಕ್ ಯಂತ್ರಗಳಲ್ಲಿ ಹೆಡ್ ಯಂತ್ರದ ಭಾಗ. ಎಪ್ಸನ್‌ನಂಥ ಪಿಯೆಜೊ ಯಂತ್ರಗಳಲ್ಲಿ ಅದು ಕೆಟ್ಟರೆ ದುರಸ್ತಿಯ ಖರ್ಚು ಹೆಚ್ಚು. ವಾರಕ್ಕೊಂದು ಬಣ್ಣದ ಪುಟ ತೆಗೆಯುವುದೇ ಇದಕ್ಕೆ ಮದ್ದು.

ನಮ್ಮ ಮನೆಗಳಲ್ಲಿ ನಡೆಯುವ ಇನ್ನೊಂದು ತಪ್ಪೆಂದರೆ ಗೋಡೆಯ ಸ್ವಿಚ್ ಆರಿಸಿಬಿಡುವುದು. ಪ್ರಿಂಟರ್‌ನ ಮೇಲಿರುವ ಗುಂಡಿಯಿಂದ ಆರಿಸಿದರೆ ಹೆಡ್ ತನ್ನ ಗೂಡಿಗೆ ಹೋಗಿ ರಬ್ಬರ್ ಮುಚ್ಚಳದ ಕೆಳಗೆ ನಿಲ್ಲುತ್ತದೆ. ಮುದ್ರಣದ ನಡುವೆ ವಿದ್ಯುತ್ ಕಡಿದರೆ ಅದು ಇದ್ದಲ್ಲೇ ಉಳಿದು ಗಾಳಿಗೆ ಒಣಗುತ್ತದೆ. ಶುಚಿಗೊಳಿಸುವಾಗ ಹರಿದ ಶಾಯಿ ಒಳಗಿನ ಹೀರುಹಾಸಿಗೆ ಸೇರುತ್ತದೆ. ಅದು ತುಂಬಿದಾಗ ಹಲವು ಯಂತ್ರಗಳು ಕೆಲಸವನ್ನೇ ನಿಲ್ಲಿಸುತ್ತವೆ.

ವಿದ್ಯುತ್ತು, ಕಾಗದ, ಕನ್ನಡ ಅಕ್ಷರ

ಲೇಸರ್‌ನ ದೌರ್ಬಲ್ಯ ವಿದ್ಯುತ್. ಫ್ಯೂಸರ್ ಕಾಯುವ ಕ್ಷಣಗಳಲ್ಲಿ ಅದು ನೂರಾರು ವ್ಯಾಟ್ ಎಳೆಯುತ್ತದೆ. ಗಣಕಯಂತ್ರಕ್ಕೆಂದು ಕೊಂಡ 600 ವಿಎ ಯುಪಿಎಸ್‌ಗೆ ಇದನ್ನು ಜೋಡಿಸಬಾರದು, ಯುಪಿಎಸ್ ಕೈಕೊಡಬಹುದು. ಇಂಕ್‌ಜೆಟ್‌ಗೆ ಸಾಮಾನ್ಯವಾಗಿ ಹತ್ತಿಪ್ಪತ್ತು ವ್ಯಾಟ್ ಸಾಕು. ಪದೇ ಪದೇ ವಿದ್ಯುತ್ ಹೋಗುವ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಕನ್ನಡ ಮುದ್ರಿಸುವವರು ಗಮನಿಸಬೇಕಾದದ್ದು ಒತ್ತಕ್ಷರಗಳನ್ನು. ಸಣ್ಣ ಅಳತೆಯಲ್ಲಿ ‘ಷ್ಟ್ರ’, ‘ಕ್ಷ್ಮ’ದಂಥ ಅಕ್ಷರಗಳ ಒಳಗಿನ ಬಿಳಿ ಜಾಗ ಬಹಳ ಕಡಿಮೆ. ಅಗ್ಗದ ಕಾಗದದ ಮೇಲೆ ಇಂಕ್‌ಜೆಟ್ ಶಾಯಿ ಎಳೆಎಳೆಯಾಗಿ ಹರಡಿ ಅದನ್ನು ತುಂಬಿಬಿಡುತ್ತದೆ. ಟೋನರ್ ಕಾಗದದ ಮೇಲೆಯೇ ನಿಲ್ಲುವುದರಿಂದ ಅಂಚು ಸ್ಪಷ್ಟ. ಡೈ ಶಾಯಿಯ ಮೇಲೆ ಮಳೆಹನಿ ಬಿದ್ದರೆ ಅಕ್ಷರ ಕದಡುತ್ತದೆ; ಪಿಗ್ಮೆಂಟ್ ಶಾಯಿ ಹೆಚ್ಚು ತಾಳುತ್ತದೆ. ಕರಾರುಪತ್ರ, ಅರ್ಜಿಗಳನ್ನು ಇಂಕ್‌ಜೆಟ್‌ನಲ್ಲಿ ತೆಗೆಯುವವರು ಕಪ್ಪು ಶಾಯಿ ಯಾವುದೆಂದು ಕೇಳಿ ತಿಳಿಯಬೇಕು. ದಪ್ಪ ಕಾಗದದ ಮೇಲೆ ಲೇಸರ್ ಮುದ್ರಣ ಉಗುರಿಗೆ ಕಿತ್ತು ಬರುವುದುಂಟು. ಪ್ರಿಂಟರ್‌ನ ಆಯ್ಕೆಗಳಲ್ಲಿ ದಪ್ಪ ಕಾಗದ ಎಂದು ಸೂಚಿಸಿದರೆ ಸರಿಹೋಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವ ಹೀರಿದ ಹಾಳೆ ಎರಡೂ ಯಂತ್ರಗಳಿಗೆ ಶತ್ರು. ಕಟ್ಟು ಒಡೆದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಡಬೇಕು.

ಛಾಯಾಚಿತ್ರದಲ್ಲಿ ಮಾತ್ರ ಇಂಕ್‌ಜೆಟ್‌ಗೆ ಎದುರಾಳಿಯಿಲ್ಲ. ಬಣ್ಣದ ಲೇಸರ್ ನಕ್ಷೆ, ಕೋಷ್ಟಕಗಳಿಗೆ ಸರಿ. ಫೋಟೊಗೆ ಅಷ್ಟು ಸೊಗಸಲ್ಲ, ನಾಲ್ಕು ಟೋನರ್‌ಗಳ ಖರ್ಚು ಬೇರೆ.

ಯಾರಿಗೆ ಯಾವುದು

ವಕೀಲರು, ಲೆಕ್ಕಪರಿಶೋಧಕರು, ಸಣ್ಣ ಕಚೇರಿಗಳು, ಅಪರೂಪಕ್ಕೆ ಮುದ್ರಿಸಿದರೂ ತುರ್ತಿಗೆ ಯಂತ್ರ ಸಿದ್ಧವಿರಬೇಕೆನ್ನುವ ಮನೆಗಳು ಕಪ್ಪು-ಬಿಳುಪು ಲೇಸರ್ ಕೊಳ್ಳುವುದು ಲೇಸು. ಶಾಲೆಗೆ ಹೋಗುವ ಮಕ್ಕಳಿದ್ದು ವಾರವೂ ಬಣ್ಣದ ಪುಟಗಳ ಅಗತ್ಯವಿದ್ದರೆ ಟ್ಯಾಂಕ್ ಇಂಕ್‌ಜೆಟ್. ಪುಟ್ಟ ಕಾರ್ಟ್ರಿಜ್‌ನ ಅಗ್ಗದ ಇಂಕ್‌ಜೆಟ್ ಅನ್ನು ಯಾರಿಗೂ ಶಿಫಾರಸು ಮಾಡಲು ಮನಸ್ಸು ಬರುವುದಿಲ್ಲ.

ಟೋನರ್ ರೀಫಿಲ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ನಡೆಯುವ ಕಸುಬು. ಒಂದೆರಡು ಬಾರಿ ತುಂಬಿಸಬಹುದು. ಹಾಳೆಯಲ್ಲಿ ಬೂದುಬಣ್ಣದ ಪಟ್ಟಿ ಕಂಡರೆ ಡ್ರಮ್ ಸವೆದಿರುವ ಸಾಧ್ಯತೆ ಹೆಚ್ಚು. ಚಿಪ್ ಇರುವ ಕೆಲವು ಹೊಸ ಕಾರ್ಟ್ರಿಜ್‌ಗಳು ರೀಫಿಲ್ ಒಪ್ಪುವುದಿಲ್ಲ; ಕೊಳ್ಳುವ ಮುನ್ನವೇ ವಿಚಾರಿಸಬೇಕು. ಪುಡಿ ಬಟ್ಟೆಗೆ ಚೆಲ್ಲಿದರೆ ಕೊಡವಿ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ತಾಗಿದರೆ ಅದು ಕರಗಿ ಅಲ್ಲೇ ಅಂಟಿಕೊಳ್ಳುತ್ತದೆ.

ಹಳೆಯ ಯಂತ್ರವನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಜೊತೆಗೆ ಅದರ ಕಾರ್ಟ್ರಿಜ್ ಕೂಡ ಸೇರಿದೆ. ಖಾಲಿಯಾದ ಕಾರ್ಟ್ರಿಜ್‌ಗಳನ್ನು ಬೇರೆಯಾಗಿ ಕೂಡಿಟ್ಟು ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು.