ತೆಂಗಿನ ಸೀಮೆಯಲ್ಲಿ ಪೂರ್ವಿಕರ ಶೋಧನೆ

ಕನ್ಯಾದಾನದ ಕಾಲದಲ್ಲಿ ಪುರೋಹಿತರು ಸಂಕಲ್ಪವನ್ನು ನಡುವೆ ನಿಲ್ಲಿಸಿ, "ಮುತ್ತಾತನವರ ಹೆಸರೇನು?" ಎಂದು ಕೇಳುವ ಗಳಿಗೆಯೊಂದುಂಟು. ಇಂಥವರ ಪ್ರಪೌತ್ರ, ಇಂಥವರ ಪೌತ್ರ, ಇಂಥವರ ಪುತ್ರ ಎಂದು ವರನ ಕಡೆಯ ಮೂರು ತಲೆಗಳನ್ನೂ, ಹಾಗೆಯೇ ಕನ್ಯೆಯ ಕಡೆಯ ಮೂರು ತಲೆಗಳನ್ನೂ ಹೇಳದೆ ಆ ಕರ್ಮವು ಮುಂದೆ ಸಾಗುವುದಿಲ್ಲ. ತಂದೆಯ ಹೆಸರು ಕೂಡಲೆ ಬರುತ್ತದೆ. ತಾತನ ಹೆಸರೂ ಬರುತ್ತದೆ. ಮುತ್ತಾತನ ಹೆಸರಿಗೆ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕೊನೆಗೆ ಒಳಗಿನಿಂದ ಯಾರೋ ಮುದುಕಿ ಕೂಗಿ ಹೇಳುತ್ತಾಳೆ. ಅಂಥ ಮುದುಕಿಯೂ ಇಲ್ಲದ ಮನೆಯಲ್ಲಿ ಪುರೋಹಿತರು ಮನೆದೇವರ ಹೆಸರನ್ನೇ ಆ ಜಾಗಕ್ಕೆ ಸೇರಿಸಿ ಮುಂದಕ್ಕೆ ಹೋಗುವುದನ್ನು ನಾವು ಕಂಡಿದ್ದೇವೆ. ಹೀಗೆ ಮಂಟಪದಲ್ಲಿ ನುಡಿದ ಆರು ಹೆಸರುಗಳನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಓಲಗದ ಸದ್ದಿನಲ್ಲಿ ಅವು ಬೆರೆತುಹೋಗುತ್ತವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳಿಂದ ಹೊರಟು ಬೆಂಗಳೂರು ಮೈಸೂರುಗಳಲ್ಲಿ ನೆಲಸಿರುವ ಮನೆತನಗಳು ಅನೇಕ. ಅಂಥವರಲ್ಲಿ ವಿದ್ಯಾವಂತರಾದ ಕೆಲವರು ನಮ್ಮನ್ನು ಕೇಳುವ ಪ್ರಶ್ನೆ ಇದು: ಇಂಗ್ಲೆಂಡಿನ ಜನರು ಜನಗಣತಿಯ ಪುಸ್ತಕಗಳನ್ನೂ ವಿವಾಹದ ದಾಖಲೆಗಳನ್ನೂ ತೆರೆದು ತಮ್ಮ ಮುತ್ತಾತಂದಿರನ್ನು ಕಂಡುಹಿಡಿಯುತ್ತಾರಂತೆ, ನಮಗೂ ಅದು ಸಾಧ್ಯವೆ?

ಅಲ್ಲಿಯ ಸಂಗತಿ ನಿಜ. ಆ ದೇಶದಲ್ಲಿ 1837ನೆಯ ಇಸವಿ ಜುಲೈ ತಿಂಗಳಿನಿಂದ ಪ್ರತಿಯೊಂದು ವಿವಾಹವೂ ಸರಕಾರದ ಪುಸ್ತಕದಲ್ಲಿ ದಾಖಲಾಗಿದೆ. 1841ರಿಂದ ಮನೆಮನೆಯ ಗಣತಿಯ ಹಾಳೆಗಳು ಹೆಸರು ಸಮೇತವಾಗಿ ಬಹುಮಟ್ಟಿಗೆ ಉಳಿದುಬಂದಿವೆ. ನೂರು ವರ್ಷ ತುಂಬಿದ ಮೇಲೆ ಅವನ್ನು ಸಾರ್ವಜನಿಕರಿಗೆ ತೋರಿಸುತ್ತಾರೆ. 1921ರ ಹಾಳೆಗಳನ್ನು 2022ರ ಜನವರಿಯಲ್ಲಿ ತೆರೆದರು. ಇದನ್ನು ನೋಡಿದ ನಮ್ಮವರು, ನಮ್ಮ ಸಂಸ್ಥಾನದಲ್ಲಿಯೂ ಗಣತಿ ನಡೆದಿತ್ತಲ್ಲವೆ, ಆ ಹಾಳೆಗಳೂ ಎಲ್ಲಿಯೋ ಇರಬೇಕಲ್ಲವೆ ಎಂದುಕೊಳ್ಳುವುದು ಸಹಜ.

ಗಣತಿಯೇನೋ ನಡೆಯಿತು. ಅದಕ್ಕೆ ಮುಂಚೆ ಖಾನೇಷುಮಾರಿಯೆಂಬ ಮನೆಲೆಕ್ಕವಿತ್ತು. ಶಾನುಭೋಗರು ಬರೆದುಕಳುಹಿಸಿದ ಅಂಕಿಗಳನ್ನು ಕಚೇರಿಯಲ್ಲಿ ಕೂಡುತ್ತಿದ್ದರು. ಕ್ರಮಬದ್ಧವಾದ ಮೊದಲನೆಯ ಜನಗಣತಿ ನಡೆದದ್ದು 1871ನೆಯ ನವೆಂಬರಿನಲ್ಲಿ. ಸಂಸ್ಥಾನದ ಜನಸಂಖ್ಯೆ 50,55,412 ಎಂದು ಆಗ ತಿಳಿದುಬಂದಿತು. ಮುಂದೆ 1881, 1891, 1901 ಹೀಗೆ ಹತ್ತು ವರ್ಷಕ್ಕೊಮ್ಮೆ ನಡೆಯುತ್ತ ಬಂತು. ಮನೆಗಳಿಗೆ ನಂಬರು ಹಾಕಿ, ಗಣತಿದಾರನು ಮನೆಯ ಮುಂದೆ ನಿಂತು, ಹೆಸರು, ಜಾತಿ, ವಯಸ್ಸು, ಮದುವೆಯಾಗಿದೆಯೆ ಇಲ್ಲವೆ, ಕಸುಬೇನು ಎಂದು ಒಬ್ಬೊಬ್ಬರ ವಿಷಯವಾಗಿಯೂ ಬರೆದುಕೊಂಡದ್ದುಂಟು. ಆದರೆ ಆ ಹಾಳೆಗಳು ಉಳಿಯಲಿಲ್ಲ. ಸರಕಾರಕ್ಕೆ ಬೇಕಾಗಿದ್ದದ್ದು ಮೊತ್ತ. ಮೊತ್ತವನ್ನು ತೆಗೆದಮೇಲೆ ಹಾಳೆಗಳನ್ನು ನಾಶಮಾಡಿದರು. 1901ರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಚೀಟಿಯಂತೆ ಬರೆದು ವಿಂಗಡಿಸುವ ಪದ್ಧತಿ ಬಂದಾಗಲೂ ಎಣಿಕೆಗೆ ಹೆಸರಿನ ಅಗತ್ಯವಿರಲಿಲ್ಲ. ನಮಗೆ ದೊರೆಯುವುದು ಅಚ್ಚಾದ ವರದಿಗಳು ಮಾತ್ರ. ಅವುಗಳಲ್ಲಿ ತಾಲ್ಲೂಕಿನ ಜನಸಂಖ್ಯೆಯೂ ಜಾತಿಗಳ ವಿಚಾರವೂ ವಿಪುಲವಾಗಿವೆ. ನಮ್ಮ ಮುತ್ತಾತನು ಆ ಲಕ್ಷಗಳಲ್ಲಿ ಒಂದು ಅಂಕೆಯಾಗಿ ಸೇರಿದ್ದಾನೆ. ಈಚಿನ ಗಣತಿಗಳ ಹಾಳೆಗಳೂ ನಮಗೆ ಸಿಕ್ಕುವಂತಿಲ್ಲ. ಅವನ್ನು ಯಾರೂ ಪರಿಶೀಲಿಸಕೂಡದೆಂದು 1948ರ ಜನಗಣತಿಯ ಕಾನೂನು ವಿಧಿಸಿದೆ.

ಒಂದು ವೇಳೆ ಆ ಹಾಳೆಗಳು ಉಳಿದಿದ್ದರೂ ಮುತ್ತಜ್ಜಿಯ ಹೆಸರು ಸಿಕ್ಕುತ್ತಿತ್ತೆಂಬ ನಂಬಿಕೆ ನಮಗಿಲ್ಲ. ಹೆಂಗಸಿನ ಹೆಸರನ್ನು ಹೇಳಲು ಮನೆಯವರು ಒಪ್ಪದಿದ್ದರೆ ಬಲವಂತ ಮಾಡದೆ ಆ ಜಾಗದಲ್ಲಿ 'ಸ್ತ್ರೀ' ಎಂದು ಬರೆದರೆ ಸಾಕೆಂಬ ಅನುಮತಿ ಹಿಂದೂದೇಶದ ಗಣತಿಯ ನಿಬಂಧನೆಗಳಲ್ಲಿ ಇತ್ತು. ಗಂಡನ ಹೆಸರನ್ನು ಹೆಂಡತಿಯೂ, ಹೆಂಡತಿಯ ಹೆಸರನ್ನು ಗಂಡನೂ ಬಾಯಿಬಿಟ್ಟು ಹೇಳದ ನಾಡಿನಲ್ಲಿ ಗಣತಿದಾರನ ಅವಸ್ಥೆಯನ್ನು ಶ್ರೋತೃಗಳೇ ಊಹಿಸಬಹುದು.

ಇನ್ನು ವಿವಾಹದ ದಾಖಲೆ. ಹಿಂದೂ ವಿವಾಹಗಳನ್ನು ಬರೆದಿಡುವ ಕಚೇರಿಯೇ ಆ ಶತಮಾನದಲ್ಲಿ ಇರಲಿಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿ ಮೈಸೂರು ಸರಕಾರವು 1894ರಲ್ಲಿ ಒಂದು ರೆಗ್ಯುಲೇಷನ್ನನ್ನು ಮಾಡಿತು. ಅದರಿಂದ ನ್ಯಾಯಸ್ಥಾನಗಳ ಕಾಗದದಲ್ಲಿ ಸೇರಿದ್ದು ಕಾಯಿದೆಯನ್ನು ಮೀರಿದವರ ಮದುವೆಗಳು. ಕಾಯಿದೆಗೆ ಒಳಪಟ್ಟು ನಡೆದವರ ಮದುವೆಗೆ ಕಾಗದವಿಲ್ಲ! ಎಲ್ಲ ವಿವಾಹಗಳನ್ನೂ ನೋಂದಾಯಿಸಬೇಕೆಂಬ ಕಾನೂನು ಕರ್ಣಾಟಕದಲ್ಲಿ ಆದದ್ದು 1976ರಲ್ಲಿ. ಕ್ರೈಸ್ತರಿಗೆ ದೇವಾಲಯದ ಪುಸ್ತಕಗಳುಂಟು. ನೆರೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು ಆ ಶತಮಾನದ ಪೂರ್ವಾರ್ಧದಲ್ಲಿಯೇ ನೆಲಸಿದ್ದರು. ಮುಸಲ್ಮಾನರಿಗೆ ಖಾಜಿಗಳ ದಫ್ತರವುಂಟು. ಮಿಕ್ಕ ಒಕ್ಕಲು ಮಕ್ಕಳಿಗೆ, ಕುರುಬರಿಗೆ, ಲಿಂಗವಂತರಿಗೆ, ಬ್ರಾಹ್ಮಣರಿಗೆ ಯಾವುದೂ ಇಲ್ಲ. ಊರನ್ನು ಬಿಟ್ಟು ಮದರಾಸಿನ ಬಂದರಿನಿಂದ ಮಾರಿಷಸ್ಸಿಗೋ ನೇಟಾಲಿಗೋ ಕೂಲಿಗೆ ಹಡಗು ಹತ್ತಿದವನ ಹೆಸರು, ತಂದೆಯ ಹೆಸರು, ಊರು, ಮೈಮೇಲಿನ ಮಚ್ಚೆಯವರೆಗೆ ಎಲ್ಲವನ್ನೂ ಬರೆದಿಟ್ಟರು. ಊರಿನಲ್ಲಿಯೇ ಉಳಿದು ತೋಟಕ್ಕೆ ನೀರು ಹಾಯಿಸಿದವನನ್ನು ಯಾರೂ ಹಾಗೆ ಬರೆಯಲಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಸಂಬಂಧಗಳ ಲೆಕ್ಕವನ್ನು ಇಟ್ಟವರು ಯಾರು? ಹೆಳವರು ಇಟ್ಟರು. ಶ್ರೋತೃಗಳಲ್ಲಿ ಹಳ್ಳಿಯ ಬಾಲ್ಯವುಳ್ಳವರಿಗೆ ಎತ್ತಿನ ಮೇಲೆ ಕುಳಿತು, ಕಾಲನ್ನು ಕಂಬಳಿಯಿಂದ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಬರುವ ಹೆಳವನ ನೆನಪಿರಬಹುದು. 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಗ್ರಂಥದಲ್ಲಿಯೂ ಆ ಚಿತ್ರವಿದೆ. ಹೆಳವನೆಂದರೆ ಕುಂಟನೆಂದು ಅರ್ಥ. ಕುಲದ ಮೂಲಪುರುಷನು ಕುಂಟನಾಗಿದ್ದನೆಂಬ ಕಥೆಯನ್ನು ಅವರೇ ಹೇಳುತ್ತಾರೆ. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆಗಳೆಂದು ವಂಶಪಾರಂಪರ್ಯವಾದ ಹಕ್ಕುಂಟು. ಸುಗ್ಗಿಯಾದ ಮೇಲೆ ಬಂದು ಮನೆಯ ಮುಂದೆ ನಿಂತು, ಮೂಲಪುರುಷನು ಯಾವ ಊರಿನಿಂದ ಬಂದ, ಯಾವ ದೇವರ ಒಕ್ಕಲು, ಯಾವ ಬೆಡಗು, ಅವನಿಗೆ ಮಕ್ಕಳೆಷ್ಟು, ಅವರಲ್ಲಿ ಯಾರು ಎಲ್ಲಿ ಬೇರೆಯಾದರು ಎಂದು ಒಂದೇ ಉಸಿರಿಗೆ ಹಾಡಿಕೊಂಡು ಬರುತ್ತಾನೆ. ಕೊನೆಗೆ ಆ ವರ್ಷ ಹುಟ್ಟಿದ ಮಗುವಿನ ಹೆಸರನ್ನು ಕೇಳಿ ಸೇರಿಸಿಕೊಂಡು, ರಾಗಿಯನ್ನೋ ಬಟ್ಟೆಯನ್ನೋ ಪಡೆದು ಹೋಗುತ್ತಾನೆ. ಹಿಂದೆ ಓಲೆಗರಿಗಳಲ್ಲಿ ಇದ್ದದ್ದು ಈಚೆಗೆ ಕಾಗದದ ಪುಸ್ತಕಗಳಿಗೆ ಬಂದಿದೆ.

ಇದು ಬರಿಯ ಹೊಗಳಿಕೆಯ ಹಾಡೆಂದು ತಿಳಿಯಬಾರದು. ಒಂದೇ ಬೆಡಗಿನ ಗಂಡಿಗೂ ಹೆಣ್ಣಿಗೂ ಮದುವೆ ಕೂಡದು. ಬೆಡಗು ಮರೆತುಹೋದ ಮನೆಗಳ ನಡುವೆ ಸಂಶಯ ಬಂದರೆ ತೀರಿಸಬಲ್ಲವನು ಹೆಳವನು. ಆದುದರಿಂದ ಅವನ ಲೆಕ್ಕದಲ್ಲಿ ತಪ್ಪಿದ್ದರೆ ಕೇಳುವವರಿದ್ದರು. ಆದರೂ ಶೋಧಕನು ಎಚ್ಚರವಾಗಿರಬೇಕು. ಮೇಲಿನ ನಾಲ್ಕೈದು ತಲೆಗಳವರೆಗೆ ಹೆಳವನ ಮಾತನ್ನು ನಾವು ಬಹುಮಟ್ಟಿಗೆ ನಂಬುತ್ತೇವೆ. ಅದಕ್ಕೂ ಹಿಂದೆ ಹೋದಾಗ ಎಲ್ಲ ಮನೆತನಗಳೂ ಒಂದು ಹೊಳೆಯನ್ನು ದಾಟಿ, ಒಬ್ಬ ದೊರೆಯ ಕೋಪಕ್ಕೆ ಹೆದರಿ ಬಂದವುಗಳಾಗಿಬಿಡುತ್ತವೆ! ಹೆಣ್ಣುಮಕ್ಕಳ ವಿಷಯದಲ್ಲಿ ಅವನ ಲೆಕ್ಕವೂ ಅನೇಕವೇಳೆ ಸಂಕ್ಷೇಪವೇ. 'ಇಂಥ ಊರಿಗೆ ಕೊಟ್ಟ ಹೆಣ್ಣು' ಎಂದು ಊರು ಉಳಿಯುತ್ತದೆ, ಹೆಸರು ಜಾರುತ್ತದೆ.

ಹೆಳವನ ಹಾಡು ನಿಂತುಹೋದ ಮನೆಗಳೂ ಉಂಟು. 1876ರಿಂದ 1878ರವರೆಗೆ ನಡೆದ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ಮೈಸೂರು ದೇಶ ಮರೆಯುವಂತಿಲ್ಲ. 1881ರಲ್ಲಿ ಮತ್ತೆ ಜನರನ್ನು ಎಣಿಸಿದಾಗ ಸಂಖ್ಯೆ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚಾಗಿ ಕುಗ್ಗಿತು. ಗಣತಿಯ ಅಂಕಿಗಳಿಂದ ವಂಶಶೋಧಕನಿಗೆ ದೊರೆಯುವ ದೊಡ್ಡ ಸಹಾಯವೆಂದರೆ ಇದೇ ಎಂದು ನಮ್ಮ ಅಭಿಪ್ರಾಯ. ಒಂದು ಕವಲು 1876ರ ಈಚೆಗೆ ಹಠಾತ್ತಾಗಿ ಕಾಣದೆ ಹೋದರೆ ಅವರು ಬೇರೆ ಊರಿಗೆ ಹೋದರೆಂದು ಹುಡುಕುತ್ತ ವರ್ಷಗಳನ್ನು ಕಳೆಯುವ ಮುನ್ನ ಈ ಎರಡು ಸಂಖ್ಯೆಗಳನ್ನು ನೆನೆಯಬೇಕು.

ಮಿಕ್ಕದ್ದೆಲ್ಲ ತೋಟದ ಕಾಗದಗಳಲ್ಲಿದೆ. ತೆಂಗಿನ ಸೀಮೆಯ ಭಾಗ್ಯ ಇದು. ಹೊಲ ಒಂದು ವರ್ಷದ ಬೆಳೆ. ತೆಂಗು ಮೂರು ತಲೆಮಾರಿನ ಆಸ್ತಿ. ಆದಕಾರಣ ಅದರ ಮೇಲೆ ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿಗಳು ಹುಟ್ಟುತ್ತಲೇ ಇರುತ್ತವೆ, ಜಗಳಗಳೂ ಹುಟ್ಟುತ್ತವೆ. ಜಗಳವಿದ್ದ ಮನೆತನದ ಚರಿತ್ರೆಯನ್ನು ಬರೆಯುವುದು ಸುಲಭ. ಪತ್ರದಲ್ಲಿ ಮೊದಲು ನೋಡಬೇಕಾದದ್ದು ಚೆಕ್ಕುಬಂದಿ. ಪೂರ್ವಕ್ಕೆ ಇಂಥವನ ತೋಟ, ಪಶ್ಚಿಮಕ್ಕೆ ಕೆರೆಯ ಕಾಲುವೆ, ಉತ್ತರಕ್ಕೆ ಇಂಥವನ ಗದ್ದೆ ಎಂದು ಬರೆಯುತ್ತಾರಷ್ಟೆ. ಹಂಚಿಕೊಂಡ ತೋಟದ ಅಕ್ಕಪಕ್ಕದಲ್ಲಿರುವವರು ಬಹುಶಃ ಅಣ್ಣತಮ್ಮಂದಿರು, ದಾಯಾದಿಗಳು. ನಮ್ಮ ಮನೆಯ ಪತ್ರ ಕಳೆದುಹೋಗಿದ್ದರೂ ನೆರೆಯವನ ಪತ್ರದ ಚೆಕ್ಕುಬಂದಿಯಲ್ಲಿ ನಮ್ಮ ಮುತ್ತಾತನು ಕುಳಿತಿರುತ್ತಾನೆ.

ಎರಡನೆಯದಾಗಿ 'ಬಿನ್' ಮತ್ತು 'ಕೋಂ' ಎಂಬ ಎರಡು ಸಣ್ಣ ಮಾತುಗಳು. ರಂಗಪ್ಪ ಬಿನ್ ತಿಮ್ಮಪ್ಪ ಎಂದರೆ ತಿಮ್ಮಪ್ಪನ ಮಗ ರಂಗಪ್ಪ. ಲಕ್ಕಮ್ಮ ಕೋಂ ರಂಗಪ್ಪ ಎಂದರೆ ರಂಗಪ್ಪನ ಹೆಂಡತಿ ಲಕ್ಕಮ್ಮ. ಹೆಸರುಗಳನ್ನು ಉದಾಹರಣೆಗಾಗಿ ಹೇಳಿದೆವು. ಸರಕಾರವು ಬರೆದಿಡದ ವಿವಾಹಪತ್ರ ಈ 'ಕೋಂ' ಎಂಬ ಒಂದೇ ಅಕ್ಷರದಲ್ಲಿ ಉಳಿದಿದೆ. ಹೆಂಗಸಿನ ಹೆಸರು ಪತ್ರಕ್ಕೆ ಬರುವ ಸಂದರ್ಭಗಳು ಸುಖದವಾಗಿರುವುದು ಅಪರೂಪ. ಗಂಡ ಸತ್ತು, ಮೈನರ್ ಮಕ್ಕಳ ಪರವಾಗಿ ತೋಟವನ್ನು ಭೋಗ್ಯಕ್ಕೆ ಹಾಕಬೇಕಾಗಿ ಬಂದಾಗ, ಇಲ್ಲವೆ ಮೈದುನರಿಂದ ಜೀವನಾಂಶಕ್ಕೆ ನಾಲ್ಕು ಮರಗಳನ್ನು ಬರೆಯಿಸಿಕೊಂಡಾಗ ಅವಳು ಕಾಗದದಲ್ಲಿ ಕಾಣಿಸುತ್ತಾಳೆ. ತುಂಬಿದ ಸಂಸಾರದಲ್ಲಿ ಮುತ್ತೈದೆಯಾಗಿ ಸತ್ತವಳ ಹೆಸರಿಗೆ ಆಧಾರವೇ ಇಲ್ಲ. ಮೊಮ್ಮಗಳಿಗೆ ಅವಳ ಹೆಸರನ್ನಿಟ್ಟಿದ್ದರೆ ಅದೊಂದೇ ಸುಳುಹು.

ಹಾಗೆ ಹೆಸರಿಡುವ ಪದ್ಧತಿಯು ಶೋಧಕನಿಗೆ ದಾರಿಯೂ ಹೌದು, ಗುಂಡಿಯೂ ಹೌದು. ತಾತನ ಹೆಸರು ಮೊಮ್ಮಗನಿಗೆ ಬರುವುದರಿಂದ ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು; ಅಣ್ಣತಮ್ಮಂದಿರ ಮಕ್ಕಳೆಲ್ಲರೂ ಒಬ್ಬ ತಾತನ ಹೆಸರಿನವರಾದರೆ ಒಂದೇ ಊರಿನಲ್ಲಿ ಮೂವರು ರಂಗಪ್ಪಂದಿರು. ಇದರ ಜೊತೆಗೆ ಸಂವತ್ಸರದ ತೊಡಕು. ಪತ್ರದಲ್ಲಿ ಬರಿಯ ಧಾತು ಸಂವತ್ಸರವೆಂದು ಬರೆದಿದ್ದರೆ ಅದು 1876 ಆಗಬಹುದು, 1816 ಆಗಬಹುದು. ಅರುವತ್ತು ವರ್ಷದಲ್ಲಿ ಎರಡು ತಲೆ ಕಳೆದು, ಅದೇ ಹೆಸರಿನವನು ಅದೇ ತೋಟಕ್ಕೆ ಒಡೆಯನಾಗಿ ಮತ್ತೆ ನಿಂತಿರುತ್ತಾನೆ! ಶಾಲಿವಾಹನ ಶಕವನ್ನು ನೋಡಬೇಕು. ಅದಿಲ್ಲದಿದ್ದರೆ ತಿಥಿಗೂ ವಾರಕ್ಕೂ ಹೊಂದಿಕೆಯಾಗುವ ವರ್ಷ ಯಾವುದೆಂದು ಪಂಚಾಂಗದಿಂದ ಗಣಿಸಬೇಕು. ಮರಗಳೂ ಸಾಕ್ಷಿ ಹೇಳುತ್ತವೆ. ನಮ್ಮ ಸೀಮೆಯ ಎತ್ತರದ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. 1880ರ ಪಾಲುಪಟ್ಟಿಯಲ್ಲಿ 'ಫಲ ಬಿಡುವ ಮರ' ಎಂದಿದ್ದರೆ ಆ ಸಸಿಗಳನ್ನು ನೆಟ್ಟದ್ದು ಕ್ಷಾಮಕ್ಕೆ ಮುಂಚೆ. ಬಾವಿ ಕೆರೆಗಳು ಬತ್ತಿದ ಎರಡು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೋ ಬದುಕಿದ್ದು ಅವಕ್ಕೆ ಹೇಗೋ ನೀರು ತಂದು ಹೊಯ್ದರು.

ಕಾಗದಗಳನ್ನು ಹುಡುಕುವವರು ತಾಲ್ಲೂಕುಗಳ ಹೆಸರು ಬದಲಾಯಿಸಿರುವುದನ್ನೂ ಮರೆಯಬಾರದು. ಎಳನೀರಿನ ರುಚಿಗೆ ಹೆಸರಾದ ಹೊನ್ನವಳ್ಳಿಯೇ ಹಿಂದೆ ತಾಲ್ಲೂಕಿನ ಮುಖ್ಯಸ್ಥಳ. ರೈಲು ಹಾದುಹೋದ ತಿಪಟೂರಿಗೆ ಕಚೇರಿ ಬಂದದ್ದು ಆ ಶತಮಾನದ ಕೊನೆಯ ಭಾಗದಲ್ಲಿ. ತುರುವೇಕೆರೆ ಬಹುಕಾಲ ತಿಪಟೂರಿನ ಕೆಳಗಿನ ಉಪತಾಲ್ಲೂಕಾಗಿತ್ತು. 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ರೆವಿನ್ಯೂ ಸರ್ವೆಯ ಪುಸ್ತಕಗಳಲ್ಲಿ ಖಾತೆದಾರನ ಹೆಸರೂ, 1866ರ ಇನಾಂ ಕಮಿಷನ್ನಿನ ಕಾಗದಗಳಲ್ಲಿ ಇನಾಂದಾರನ ಹೆಸರೂ ಇವೆ. ಭೂಮಿ ಇಲ್ಲದವರಿಗೆ, ಅಂದರೆ ಆ ತೋಟಗಳಲ್ಲಿ ಅಗೆದವರಿಗೆ, ಕಾಯಿ ಕಿತ್ತವರಿಗೆ, ಇವುಗಳಲ್ಲಿ ಎಡೆಯಿಲ್ಲ. ಅವರ ಮೊಮ್ಮಕ್ಕಳು ನಮ್ಮನ್ನು ಬಂದು ಕೇಳಿದಾಗ ಹಳೆಯ ಪಾಠಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿರೆಂದು ಹೇಳುವುದಲ್ಲದೆ ಬೇರೆ ದಾರಿ ನಮಗೆ ತೋರಿಲ್ಲ.

ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾನೂನಿನಿಂದ ರದ್ದಾಯಿತು. ಆಗ ಚಾರ್ಜು ಕೊಟ್ಟ ಪುಸ್ತಕಗಳು ಕಚೇರಿಗೆ ಹೋದುವು. ಖಾಸಗಿಯೆಂದು ತಿಳಿದವು ಶಾನುಭೋಗರ ಮನೆಗಳ ಅಟ್ಟದಲ್ಲಿಯೇ ಉಳಿದುವು. ಮದುವೆಗಾಗಿ ಸುಣ್ಣ ಬಳಿಸುವಾಗ ಅಟ್ಟವನ್ನು ಖಾಲಿಮಾಡುತ್ತಾರೆ. ಆ ಕಸದ ನಡುವೆ ಕಪ್ಪಗೆ, ದಪ್ಪಗೆ, ಮಡಿಕೆಮಡಿಕೆಯಾದ ಬಟ್ಟೆಯೊಂದು ಸಿಕ್ಕಿದರೆ ಅದು ಕಡತ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಇನ್ನೂರು ವರ್ಷಗಳ ಹಿಂದೆಯೇ ಕರ್ನಲ್ ವಿಲ್ಕ್ಸನು ಇದನ್ನು ತನ್ನ ಚರಿತ್ರೆಯಲ್ಲಿ ವರ್ಣಿಸಿದ್ದಾನೆ. ಧೂಳನ್ನು ಕಂಡು ಒದ್ದೆಬಟ್ಟೆಯಿಂದ ಒರಸಬೇಡಿ. ಕಡತದ ಬರಹ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ. ಮತ್ತೆ ಬರೆಯಲು ಅನುಕೂಲವಾಗಲೆಂದೇ ಅದನ್ನು ಹಾಗೆ ಮಾಡಿದ್ದರು.