ಮೂಸಾರಾಂಬಾಗ್‌ನ ಬಾಲದಲ್ಲಿರುವ ಎಚ್

ಬೀದರ್ ಕಡೆಯಿಂದ ಜಹೀರಾಬಾದ್, ಪಟಾನ್‌ಚೆರು ದಾಟಿ ಹೈದರಾಬಾದಿಗೆ ಬರುವವರಿಗೆ ಮೆಟ್ರೊ ಸಿಗುವುದು ಮಿಯಾಪುರದಲ್ಲಿ. ಅಲ್ಲಿಂದ ಎಲ್.ಬಿ. ನಗರದವರೆಗೆ 27 ನಿಲ್ದಾಣಗಳು. ಮಲಕ್‌ಪೇಟೆ ದಾಟಿದ ಮೇಲೆ ಬರುವ ಒಂದು ನಿಲ್ದಾಣ ಮೂಸಾರಾಂಬಾಗ್. ತೆಲುಗಿನಲ್ಲಿ ಆ ಹೆಸರು ಬರಿಯ ಗಕಾರದಲ್ಲಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಜಿ ಆದ ಮೇಲೆ ಒಂದು ಎಚ್ ಇದೆ. ಬೆಂಗಳೂರಿನ ಲಾಲ್‌ಬಾಗಿಗೂ ಇದೇ ಬಾಲ. ಕನ್ನಡದಲ್ಲಿ ನಾವು ‘ಬಾಘ್’ ಎಂದು ಬರೆಯುವುದಿಲ್ಲ. ಹಾಗಿದ್ದರೆ ಆ ಎಚ್‌ಗೆ ಅಲ್ಲೇನು ಕೆಲಸ?

ಹೆಸರಿನ ಮೊದಲ ಭಾಗ ನಿಜಾಮ್ ಅಲಿ ಖಾನನ ಸೇನೆಯಲ್ಲಿದ್ದ ಫ್ರೆಂಚ್ ದಂಡನಾಯಕ ರೇಮಂಡನದು ಎನ್ನುತ್ತಾರೆ. 1798ರಲ್ಲಿ ತೀರಿಕೊಂಡ ಅವನನ್ನು ಊರಿನ ನಾಲಿಗೆ ಮೂಸಾ ರಾಮ್ ಮಾಡಿಕೊಂಡಿತು. ‘ಬಾಗ್’ ಪಾರಸಿ ಪದ, ತೋಟ ಎಂದರ್ಥ. ಅದರ ಕೊನೆಯ ಅಕ್ಷರವನ್ನು ಉರ್ದುವಿನಲ್ಲಿ ಗೈನ್ ಎನ್ನುತ್ತಾರೆ. ಅದು ನಮ್ಮ ಗ ಅಲ್ಲ, ಘ ಕೂಡ ಅಲ್ಲ. ಗಂಟಲ ಬಳಿ ಉಜ್ಜಿಕೊಂಡು ಬರುವ ಸದ್ದು. ರೋಮನ್ ಲಿಪಿಯಲ್ಲಿ ಅದಕ್ಕೊಂದು ಅಕ್ಷರ ಇರಲಿಲ್ಲ, ಜಿ-ಎಚ್ ಜೋಡಿಯನ್ನು ಕೊಟ್ಟರು. ಗಜಲ್, ಮೊಘಲ್ ಪದಗಳಿಗೂ ಅದನ್ನೇ ಕೊಟ್ಟರು.

ತಮಾಷೆಯೆಂದರೆ, ಇಂಗ್ಲಿಷಿನಲ್ಲಿಯೂ ಈ ಜೋಡಿ ಹುಟ್ಟಿದ್ದು ಇಂಥದ್ದೇ ಗಂಟಲ ಸದ್ದಿಗಾಗಿ. ರಾತ್ರಿ ಎಂಬರ್ಥದ ‘ನೈಟ್’, ಮಗಳು ಎಂಬರ್ಥದ ‘ಡಾಟರ್’, ಬೆಳಕು ಎಂಬರ್ಥದ ‘ಲೈಟ್’, ಎಂಟು ಎಂಬರ್ಥದ ‘ಏಟ್’ ಇವೆಲ್ಲದರ ನಡುವೆ ಹಿಂದೆ ಆ ಸದ್ದು ಕೇಳುತ್ತಿತ್ತು. ಜರ್ಮನ್ನಿನ ‘ನಾಖ್ಟ್’, ‘ಟೋಖ್ಟರ್’ ಪದಗಳಲ್ಲಿ ಅದು ಇಂದಿಗೂ ಇದೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಬರಹಗಾರರು ಅದನ್ನು ಜಿ-ಎಚ್ ಎಂದು ಬರೆಯತೊಡಗಿದರು. ಆಮೇಲೆ ಬಾಯಿ ಸದ್ದನ್ನು ಬಿಟ್ಟಿತು, ಕೈ ಅಕ್ಷರವನ್ನು ಬಿಡಲಿಲ್ಲ. ಕೆಮ್ಮು ಎಂಬರ್ಥದ ‘ಕಾಫ್’, ನಗು ಎಂಬರ್ಥದ ‘ಲಾಫ್’, ಸಾಕು ಎಂಬರ್ಥದ ‘ಇನಫ್’ ಪದಗಳಲ್ಲಿ ಅದೇ ಸದ್ದು ಫಕಾರವಾಗಿ ಉಳಿದುಕೊಂಡಿತು.

ಎಲ್ಲ ಜಿ-ಎಚ್‌ಗಳೂ ಇಷ್ಟು ಕುಲೀನವಲ್ಲ. ದೆವ್ವ ಎಂಬರ್ಥದ ‘ಗೋಸ್ಟ್’ ಪದಕ್ಕೆ ಮೊದಲು ಎಚ್ ಇರಲಿಲ್ಲ. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ ವಿಲಿಯಂ ಕ್ಯಾಕ್ಸ್ಟನ್ ಬಹುಕಾಲ ಫ್ಲೆಮಿಶ್ ನಾಡಿನಲ್ಲಿ ಇದ್ದವನು. ಅಲ್ಲಿನ ರೂಢಿಯೇ ಅವನ ಅಚ್ಚುಮೊಳೆಗಳ ಜತೆ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಆನಂದ ಎಂಬರ್ಥದ ‘ಡಿಲೈಟ್’ ಫ್ರೆಂಚಿನಿಂದ ಬಂದದ್ದು. ‘ಲೈಟ್’ ಪದವನ್ನು ನೋಡಿ ಆ ಜೋಡಿಯನ್ನು ತಾನೂ ತೊಟ್ಟುಕೊಂಡಿತು.

ಭಾರತದಿಂದ ಹೋದ ಪದಗಳ ಜೋಡಿ ಇನ್ನೊಂದು ಬಗೆ. ತುಪ್ಪದ ‘ಘೀ’, ಮೊಸಳೆಯ ಜಾತಿಯ ‘ಘರಿಯಾಲ್’, ಮೆಟ್ಟಿಲಿಗೂ ಬೆಟ್ಟಸಾಲಿಗೂ ಸಲ್ಲುವ ‘ಘಾಟ್’ ಇವುಗಳಲ್ಲಿ ಅದು ನಮ್ಮ ಮಹಾಪ್ರಾಣ ಘಕಾರ. 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಘೀ, ಘಾಟ್ ಎರಡೂ ಇವೆ. ಆದರೆ ಇಂಗ್ಲಿಷ್ ಬಾಯಿ ಇಲ್ಲಿಯೂ ಎಚ್ ಅನ್ನು ನುಂಗಿತು. ಹೀಗೆ ಮೂರು ನಾಡಿನ ಮೂರು ಸದ್ದುಗಳು ಒಂದೇ ಜೋಡಿಯಲ್ಲಿ ಬಂದು ಕೂತಿವೆ, ಬಹುಪಾಲು ಬಾಯಿ ಮುಚ್ಚಿಕೊಂಡು.

ಇದನ್ನು ಕಂಡು ನಗುವ ಮುನ್ನ ಕನ್ನಡದ ಕಡೆಗೂ ನೋಡಬೇಕು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ೞಕಾರ ಮಾತಿನಿಂದ ಜಾರಿದಾಗ ಬರಹವೂ ಅದನ್ನು ಕೈಬಿಟ್ಟಿತು. ಇಂದು ಬದುಕಿಗೂ ಕತ್ತಿಗೂ ಒಂದೇ ಳಕಾರ. ಇಂಗ್ಲಿಷ್ ಸತ್ತ ಸದ್ದಿನ ಅಕ್ಷರವನ್ನು ಹೊತ್ತುಕೊಂಡು ನಡೆಯಿತು. ಕನ್ನಡ ಇಳಿಸಿ ಹಗುರಾಯಿತು. ಒಂದಕ್ಕೆ ಮಕ್ಕಳ ಕಾಗುಣಿತ ಬೆಲೆ, ಇನ್ನೊಂದಕ್ಕೆ ಪದಗಳ ನೆನಪು ಬೆಲೆ.

ಈ ಲೆಕ್ಕ ಇನ್ನೂ ಮುಗಿದಿಲ್ಲ. ಬಹುತೇಕ ಕನ್ನಡಿಗರು ಮಾತಿನಲ್ಲಿ ಮಹಾಪ್ರಾಣ ಆಡುವುದಿಲ್ಲವಾದ್ದರಿಂದ ಬರಹದಲ್ಲಿಯೂ ಅದು ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಶಾಲೆಯಲ್ಲಿ ‘ಗಂಟೆ’, ‘ಘಂಟೆ’ಗಳ ನಡುವೆ ಸಿಕ್ಕಿ ಏಟು ತಿಂದವರಿಗೆ ಆ ವಾದದ ನ್ಯಾಯ ಗೊತ್ತು. ಆದರೆ ಘಟ್ಟ ‘ಗಟ್ಟ’ವಾದರೆ ಸಂಸ್ಕೃತ, ಹಿಂದಿ, ಮರಾಠಿಯ ಪದಗಳೊಂದಿಗೆ ಅದಕ್ಕಿರುವ ನಂಟು ಕಣ್ಣಿಗೆ ಕಾಣುವುದು ನಿಲ್ಲುತ್ತದೆ.

ಎರಡರ ನಡುವೆ ಒಂದು ದಾರಿಯನ್ನು 13ನೇ ಶತಮಾನದ ಕೇಶಿರಾಜ ತೋರಿಸಿದ್ದಾನೆ. ಜನ ೞಕಾರವನ್ನು ಮರೆಯುತ್ತಿದ್ದ ಕಾಲದಲ್ಲಿ ಅವನು ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಟ್ಟ. ಅದರಿಂದ ಸದ್ದೇನೂ ಉಳಿಯಲಿಲ್ಲ. ಆದರೆ ಬದುಕು ಯಾವುದು, ಕತ್ತಿ ಯಾವುದು ಎಂದು ತಿಳಿಯುವ ದಾರಿ ಉಳಿಯಿತು. ಅಕ್ಷರವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಆಯಾ ಕಾಲದವರ ಹಕ್ಕು. ಬಿಡುವ ಮೊದಲು ಪಟ್ಟಿ ಬರೆದಿಡುವುದು ಮಾತ್ರ ಅವರ ಹೊಣೆ.